ರಸ್ತೆ ಬದಿಯ ದ್ರಾಕ್ಷಿ, ರಸ್ತೆ ಬದಿಯ ಅಡಿಕೆ

ಮೊದಲ ಔಷಧಿ ಹೊಡೆಯೋ ದಿನ ಹತ್ತಿರ ಬಂತು. ಈ ಸಲ ಬೋರ್ಡೋನೋ, ಬಾಟಲಿ ಔಷಧಿಯೋ ಅಂತ ತುಂಬ ಜನ ಕೇಳ್ತಿದ್ದೀರಿ. ಉತ್ತರಕ್ಕಿಂತ ಮೊದಲು ನಾನು ಮಾಡಿದ ಒಂದು ತಪ್ಪು ಹೇಳಬೇಕು, ಜೊತೆಗೆ ಒಂದು ಹಳೇ ಕತೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಲ್ಲಿ ಓದಿ.

ಎರಡು ವರ್ಷದ ಹಿಂದೆ ಹೊಸ ಬಾಟಲಿ ಔಷಧಿ ತಂದು ರಸ್ತೆ ಬದಿಯ ತೋಟಕ್ಕೆ ಹೊಡೆಸಿದೆ. ಹಳ್ಳದ ಬದಿಗೆ ಯಾವತ್ತಿನ ಬೋರ್ಡೋ. ರಸ್ತೆ ಬದಿಯಲ್ಲಿ ಕೊಳೆ ಕಾಣಲೇ ಇಲ್ಲ, ಹಳ್ಳದ ಬದಿ ಒಂದಿಷ್ಟು ಉದುರಿತು. ಗೆದ್ದೆ ಅಂದುಕೊಂಡು ಹೋದ ವರ್ಷ ಇಡೀ ತೋಟಕ್ಕೆ ಬಾಟಲಿಯನ್ನೇ ಹೊಡೆಸಿದೆ. ಹಳ್ಳದ ಬದಿ ಕೊನೆಗಳು ಬರಿದಾದವು. ಉದುರಿದ್ದನ್ನು ಹೆಕ್ಕುವಾಗ ಕೊನೆಗಾರ ಕೇಳಿದ: "ಹೆಗಡೇರೆ, ರಸ್ತೆ ಬದಿಗೆ ಯಾವತ್ತು ಕೊಳೆ ಬಂದಿತ್ತು ಹೇಳಿ?"

ಬಾಯಿ ಮುಚ್ಚಿತು. ಅಲ್ಲಿ ಬಿಸಿಲು, ಗಾಳಿ ಎರಡೂ ಹೆಚ್ಚು. ನಾನು ಹೋಲಿಸಿದ್ದು ಎರಡು ಔಷಧಿಯನ್ನಲ್ಲ, ಎರಡು ಜಾಗವನ್ನು.

ತಮಾಷೆ ಅಂದ್ರೆ, ಬೋರ್ಡೋ ಹುಟ್ಟಿದ್ದೂ ರಸ್ತೆ ಬದಿಯಲ್ಲೇ. ದ್ರಾಕ್ಷಿ ಬೆಳೆಗಾರರು ಡೌನಿ ಅಂತ ಕರೆಯೋ ಬೂಜು ರೋಗ 1870ರ ದಶಕದ ಕೊನೆಗೆ ಅಮೆರಿಕದಿಂದ ಫ್ರಾನ್ಸಿಗೆ ಬಂದು ತೋಟಗಳನ್ನು ಬೋಳಿಸುತ್ತಿತ್ತು. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ಮೆಡಾಕ್ ಪ್ರದೇಶದಲ್ಲಿ ಹೋಗುತ್ತಿದ್ದಾಗ ಒಂದು ವಿಚಿತ್ರ ಕಂಡರು. ರಸ್ತೆ ಪಕ್ಕದ ಸಾಲುಗಳಲ್ಲಿ ಎಲೆ ಹಸಿರಾಗಿ ಉಳಿದಿದೆ, ಒಳಗಿನ ಸಾಲುಗಳಲ್ಲಿ ಉದುರಿದೆ. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದೀತಾರೆ ಅಂತ ಬೆಳೆಗಾರರು ಆ ಸಾಲುಗಳಿಗೆ ಮಾತ್ರ ಮೈಲುತುತ್ತ, ಸುಣ್ಣ ಕಲಸಿ ಎರಚಿದ್ದರು. ನೋಡಿದವರು ವಿಷ ಅಂದುಕೊಳ್ಳಲಿ ಅಂತ!

ನಾನಾಗಿದ್ದರೆ ಅಲ್ಲೇ "ಔಷಧಿ ಸಿಕ್ಕಿತು" ಅಂತ ಕೂಗುತ್ತಿದ್ದೆ. ಆದರೆ ರಸ್ತೆ ಬದಿಯ ಸಾಲಿಗೆ ಗಾಳಿ, ಬೆಳಕು ಹೆಚ್ಚಿರಬಹುದಲ್ಲ? ಎಲೆ ಉಳಿದದ್ದು ಅದರಿಂದಲೇ ಇರಬಹುದಲ್ಲ? ಕಣ್ಣಿಗೆ ಬಿದ್ದದ್ದು ಬರೀ ಒಂದು ಊಹೆ. ಮಿಲಾರ್ಡೆ ಅದನ್ನು ಊಹೆ ಅಂತಲೇ ಇಟ್ಟುಕೊಂಡು, ರಸಾಯನಶಾಸ್ತ್ರಜ್ಞ ಗಾಯೋನ್ ಜೊತೆ ಸೇರಿ ಪ್ರಯೋಗ ಮಾಡಿದರು. ಫಲಿತಾಂಶ ಪ್ರಕಟಿಸಿದ್ದು 1885ರಲ್ಲಿ. ಮೂರು ವರ್ಷ ಬಾಯಿ ಕಟ್ಟಿ ಕೂತರು ನೋಡಿ.

ತಾಮ್ರದ ಸುಳಿವು ಅದಕ್ಕೂ ಹಿಂದೆಯೇ ಸಿಕ್ಕಿತ್ತು. 1807ರಲ್ಲಿ ಪ್ರೆವೋ ಅನ್ನುವವರು, ತಾಮ್ರ ತಾಗಿದ ನೀರಲ್ಲಿ ಗೋಧಿಯ ಒಂದು ರೋಗದ ಬೀಜಾಣು ಮೊಳೆಯುವುದಿಲ್ಲ ಅಂತ ತೋರಿಸಿದ್ದರು. ಆಗ ಕೇಳಿದವರು ಕಡಿಮೆ.

ಹಾಗಾದರೆ ಸುಣ್ಣ ಯಾಕೆ? ಮೈಲುತುತ್ತದ ನೀರು ಹುಳಿ, ಬರಿದೇ ಹೊಡೆದರೆ ಎಲೆ, ಕಾಯಿ ಸುಡ್ತದೆ. ಸುಣ್ಣ ಸೇರಿದಾಗ ತಾಮ್ರ ಕರಗದ ನೀಲಿ ಗಸಿಯಾಗಿ ಕಾಯಿಗೆ ಅಂಟಿಕೊಂಡು, ಮಳೆಯಲ್ಲಿ ಸ್ವಲ್ಪಸ್ವಲ್ಪವೇ ಬಿಟ್ಟುಕೊಡ್ತದೆ. ನಾವು ಕಲಸಿದ ಮೇಲೆ ಹೊಳೆಯುವ ಕತ್ತಿ ಅದ್ದಿ ನೋಡುವುದೂ ರಸಾಯನಶಾಸ್ತ್ರವೇ. ಕತ್ತಿಗೆ ಕೆಂಪು ಹಿಡಿದರೆ ತಾಮ್ರ ಇನ್ನೂ ಕರಗಿಕೊಂಡೇ ಇದೆ, ಕಬ್ಬಿಣದ ಮೇಲೆ ಬಂದು ಕೂರ್ತಿದೆ ಅಂತ ಅರ್ಥ. ಸುಣ್ಣದ ತಿಳಿ ಇನ್ನಷ್ಟು ಬೇಕು.

ನಮ್ಮ ಕಡೆ ಹಿರಿಯರು ಕೊಳೆಗೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಅಡಿಕೆ ಕೊಳೆಗೆ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಕಾರಣ ಅಂತ ಅಧ್ಯಯನ ಮಾಡಿ 1910ರಲ್ಲಿ ಬರೆದರು, ಬೋರ್ಡೋ ಹೊಡೆಯುವುದನ್ನು ಬಳಕೆಗೆ ತಂದರು. ದ್ರಾಕ್ಷಿಯ ಡೌನಿ ಜೀವಿಯೂ ಇದರ ಸಂಬಂಧಿಕನೇ. ಎರಡರ ಬೀಜಾಣುವೂ ನೀರಲ್ಲಿ ಈಜಿ ಹರಡ್ತದೆ. ಅದಕ್ಕೇ ಕೊಳೆ ಬರುವ ಮೊದಲೇ ಹೊಡೆಯಬೇಕು. ಒಳಗೆ ಹೊಕ್ಕ ಮೇಲೆ ಹೊರಗಿನ ತಾಮ್ರ ಏನು ಮಾಡೀತು?

ಇನ್ನು ನನ್ನ ತಪ್ಪಿಗೆ ಮದ್ದು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬಲ್ಲಿ 1843ರಿಂದ ಹೊಲದ ಪ್ರಯೋಗ ನಡೀತಾ ಬಂದಿದೆ. 1919ರಲ್ಲಿ ಅಲ್ಲಿಗೆ ಸೇರಿದ ಫಿಶರ್ ಎಂಬ ಲೆಕ್ಕಿಗ ಹೇಳಿದ್ದು ಇಷ್ಟು: ಯಾವ ತುಂಡಿಗೆ ಯಾವ ಗೊಬ್ಬರ ಅಂತ ನೀವು ಆರಿಸಬೇಡಿ, ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡಿ. ಒಂದೇ ತುಂಡು ಸಾಲದು, ಹಲವು ಕಡೆ ಮಾಡಿ. ಆಗ ಬಿಸಿಲು, ತಂಪು, ಮಣ್ಣು ಯಾರ ಪಕ್ಷವನ್ನೂ ವಹಿಸಲಾರವು.

ಈ ವರ್ಷ ನಾನು ಹಳ್ಳದ ಬದಿಯಲ್ಲಿ 10 ಜೋಡಿ ಮರ ಗುರುತು ಮಾಡಿದ್ದೇನೆ. ಜೋಡಿಯ ಎರಡೂ ಮರ ಒಂದೇ ವಯಸ್ಸು, ಹತ್ತಿರದ್ದು, ಕೊನೆ ಹೆಚ್ಚುಕಡಿಮೆ ಸಮ. ನಾಣ್ಯ ಚಿಮ್ಮಿ ಒಂದಕ್ಕೆ ಬಾಟಲಿ, ಇನ್ನೊಂದಕ್ಕೆ ಬೋರ್ಡೋ. ಏನೂ ಹೊಡೆಯದ ಮರ ಬಿಡುವುದಿಲ್ಲ, ಪಕ್ಕದವರ ತೋಟಕ್ಕೂ ಕೊಳೆ ದಾಟಿದರೆ ಅದು ಪ್ರಯೋಗ ಅಲ್ಲ, ಅನ್ಯಾಯ. ಪ್ರತಿ ಮರದ ಬುಡದಲ್ಲಿ ಕೊಳೆತು ಬಿದ್ದ ಕಾಯಿ ಎಣಿಸುವುದು ಮಗಳ ಕೆಲಸ. ಯಾವ ಮರಕ್ಕೆ ಯಾವ ಔಷಧಿ ಅಂತ ಅವಳಿಗೆ ಹೇಳುವುದಿಲ್ಲ.

ಎರಡೂ ಔಷಧಿ ಸಮ ಅಂತಲೇ ಇಟ್ಟುಕೊಳ್ಳಿ. ಆಗಲೂ ಬಾಟಲಿ 10ರಲ್ಲಿ 7 ಅಥವಾ ಹೆಚ್ಚು ಜೋಡಿ ಗೆಲ್ಲುವುದು ಸುಮಾರು ಆರಕ್ಕೆ ಒಂದು ಸಲ ಬರೀ ಅದೃಷ್ಟದಿಂದಲೇ ಆಗ್ತದೆ. ಹತ್ತಕ್ಕೆ ಹತ್ತೂ ಗೆಲ್ಲುವುದು 1024ಕ್ಕೆ ಒಂದು ಸಲ. ಹಾಗಾಗಿ 7 ಬಂದರೆ ಕುಣಿಯುವುದಿಲ್ಲ, ಮುಂದಿನ ವರ್ಷ ಮತ್ತೆ ಎಣಿಸ್ತೇನೆ. ಹತ್ತೂ ಬಂದರೆ ಬಾಟಲಿಗೆ ಕೈ ಮುಗೀತೇನೆ.

ಕೇಳಿದವರಿಗೆ ನನ್ನ ಉತ್ತರ: ಈ ಸಲ ಉಳಿದ ತೋಟಕ್ಕೆಲ್ಲ ಬೋರ್ಡೋ. ನೀವು ಬಾಟಲಿ ತಂದಿದ್ದರೆ ಇಡೀ ತೋಟಕ್ಕೆ ಹಾಕಬೇಡಿ, ನಾಲ್ಕೈದು ಜೋಡಿಯಾದರೂ ನಾಣ್ಯ ಚಿಮ್ಮಿ ಮಾಡಿ. ನಾಲ್ಕು ಮನೆಯ ಲೆಕ್ಕ ಕೂಡಿದರೆ ನನ್ನೊಬ್ಬನ ಲೆಕ್ಕಕ್ಕಿಂತ ಗಟ್ಟಿ. ಮಳೆ ಮುಗಿದ ಮೇಲೆ ನನ್ನದನ್ನು ಇಲ್ಲೇ ಹಾಕ್ತೇನೆ, ಯಾವುದು ಸೋತರೂ ಸೈ.