ಕೂಸು ಹೊತ್ತು ಗಡಿ ದಾಟಿದವರು

ಚಾಮರಾಜನಗರದ ಮನೆಯೊಂದರಲ್ಲಿ ಮಗ, ಸೊಸೆ ಒಂದೂವರೆ ವರ್ಷದ ಕೂಸನ್ನು ಕರೆದುಕೊಂಡು ಬೇಸಿಗೆ ರಜೆಗೆ ಸಿಂಗಪುರಕ್ಕೆ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಅಜ್ಜಿಗೆ ವೀಸಾದ ಚಿಂತೆಯಿಲ್ಲ. ‘ಅಲ್ಲಿಯ ನೀರು ಕೂಸಿಗೆ ಒಗ್ಗುತ್ತೇನಪ್ಪ? ಜ್ವರಗಿರ ಬಂದರೆ ಏನು ಮಾಡ್ತೀರಿ?’ ಎಂದು ಕೇಳುತ್ತಾಳೆ. ಮಗನಿಗೆ ನಗು ಬರುತ್ತದೆ. ಆದರೆ ಅಜ್ಜಿಯ ಪ್ರಶ್ನೆ ಹಳ್ಳಿಗಾಡಿನ ಅಂಜಿಕೆಯಲ್ಲ. ಈ ಸೀಮೆಯ ಜನ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ‘ಬೇರೆ ಸರ್ಕಾರ’ದ ನೆಲಕ್ಕೆ ಕಾಲಿಡತೊಡಗಿ ಎರಡು ಶತಮಾನಗಳೇ ಕಳೆದಿವೆ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ರಾಜ್ಯ ಹಂಚಿಹೋಯಿತು. ಚಾಮರಾಜನಗರ (ಆಗ ಅದರ ಹೆಸರು ಅರಿಕುಠಾರ) ಮತ್ತು ಗುಂಡ್ಲುಪೇಟೆ ಮೈಸೂರು ಅರಸರಿಗೆ ಉಳಿದವು. ಪೂರ್ವದ ಕೊಳ್ಳೇಗಾಲ ಕಂಪನಿ ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿತು. ದಕ್ಷಿಣದ ನೀಲಗಿರಿಯೂ ಪಶ್ಚಿಮದ ವಯನಾಡೂ ಮದರಾಸು ಪ್ರಾಂತ್ಯದಲ್ಲಿದ್ದವು. ಹೀಗಾಗಿ ಚಾಮರಾಜನಗರದಿಂದ ಯಳಂದೂರು ದಾಟಿ ಕೊಳ್ಳೇಗಾಲಕ್ಕೆ ಹೋಗುವವನು ಸುಮಾರು 40 ಕಿಲೋಮೀಟರ್ ದಾರಿಯಲ್ಲಿ ಅರಸರ ಸೀಮೆ ಬಿಟ್ಟು ಇಂಗ್ಲಿಷರ ಸೀಮೆಗೆ ಕಾಲಿಡುತ್ತಿದ್ದ. ಭಾಷೆ ಬದಲಾಗುತ್ತಿರಲಿಲ್ಲ, ಊಟ ಬದಲಾಗುತ್ತಿರಲಿಲ್ಲ. ಸರ್ಕಾರ ಮಾತ್ರ ಬದಲಾಗುತ್ತಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಗಡಿ ಉಳಿದಿತ್ತು.

ಈ ಗಡಿಯನ್ನು ಕೂಸಿನೊಡನೆ ದಾಟಲು ಒಂದು ದೊಡ್ಡ ಕಾರಣವಿತ್ತು. ಅದು ಮಲೆ ಮಹದೇಶ್ವರನ ಬೆಟ್ಟ. ಈ ಸೀಮೆಯ ಎಷ್ಟೋ ಒಕ್ಕಲುಗಳಲ್ಲಿ ಮಗುವಿನ ಮೊದಲ ಮುಡಿ ಮಾದಪ್ಪನಿಗೇ ಸಲ್ಲಬೇಕು. ದೀಪಾವಳಿ, ಶಿವರಾತ್ರಿ, ಯುಗಾದಿಯ ಜಾತ್ರೆಗಳಿಗೆ ಗಾಡಿ ಕಟ್ಟಿಕೊಂಡು, ಕೊಳ್ಳೇಗಾಲ, ಹನೂರು, ಕೌದಳ್ಳಿಯ ಮೇಲೆ ಹಾದು, ತಾಳಬೆಟ್ಟದಿಂದ ಕಾಡುಹಾದಿಯಲ್ಲಿ ನಡೆದು ಹೋಗುತ್ತಿದ್ದರು. ಮನೆಮಂದಿಯೆಲ್ಲ ಒಟ್ಟಾಗಿ ಹೊರಡುತ್ತಿದ್ದ ಈ ಯಾತ್ರೆಯೇ ಆ ಕಾಲದ ರಜೆಯ ಪ್ರವಾಸ. ಕೂಸಿಗೆ ರಾಗಿಸರಿಯ ಹಿಟ್ಟು, ಕೈಗೆ ಬಜೆಯ ಬಳೆ, ಕೆನ್ನೆಗೆ ದೃಷ್ಟಿಬೊಟ್ಟು: ಅಜ್ಜಿಯರು ಕಟ್ಟುತ್ತಿದ್ದ ಗಂಟು ಇಷ್ಟೇ. ಈ ಯಾತ್ರಿಕರನ್ನು ‘ನೀನಾರು, ನಿನ್ನ ರಹದಾರಿ ಎಲ್ಲಿ’ ಎಂದು ಯಾರೂ ಕೇಳುತ್ತಿರಲಿಲ್ಲ. ಅವರ ಅಂಜಿಕೆಯೆಲ್ಲ ಕಾಡಿನ ಚಳಿಜ್ವರ ಮತ್ತು ಜನ ಸೇರಿದಲ್ಲಿ ಹಬ್ಬುವ ಸಿಡುಬಿನದು.

ಚಳಿಜ್ವರದ ಅಂಜಿಕೆ ಬರಿಯ ಕಲ್ಪನೆಯಾಗಿರಲಿಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾದು ಊಟಿಗೆ ಏರುವ ದಾರಿಗಳಲ್ಲಿ ಸೀಗೂರು ಘಾಟಿ ಒಂದು. ಮಲೇರಿಯಾದ ಮೂಲವನ್ನು ಹುಡುಕುತ್ತಿದ್ದ ವೈದ್ಯ ರೊನಾಲ್ಡ್ ರಾಸ್ 1897ರಲ್ಲಿ ಈ ಘಾಟಿಗೆ ಬಂದು, ತಾನೇ ಮಲೇರಿಯಾ ಹಿಡಿಸಿಕೊಂಡು ಮಲಗಿದ. ಅದೇ ವರ್ಷ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಆ ರೋಗಾಣುವನ್ನು ಕಂಡ. ರೋಗ ಕಾಡಿನ ಗಾಳಿಯದಲ್ಲ, ಸೊಳ್ಳೆಯದು ಎಂಬ ತಿಳಿವಳಿಕೆಯ ದಾರಿ ಹೀಗೆ ನಮ್ಮ ನೆರೆಯ ಘಾಟಿಯನ್ನೂ ಹಾದುಹೋಗಿದೆ.

ಸಿಡುಬಿನ ಕಥೆ ಇನ್ನೂ ಹತ್ತಿರದ್ದು. ಭಾರತದಲ್ಲಿ ಸಿಡುಬಿನ ಲಸಿಕೆ ಮೊದಲು ಹಿಡಿದದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ, ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನ ಮೇಲೆ. ಮಂಜುಗಡ್ಡೆಯ ಪೆಟ್ಟಿಗೆಗಳಿಲ್ಲದ ಆ ಕಾಲದಲ್ಲಿ ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ಹಾಕುತ್ತಾ ಲಸಿಕೆಯನ್ನು ಊರಿಂದೂರಿಗೆ ಸಾಗಿಸುತ್ತಿದ್ದರು. ಹಾಗೆ ಹೊತ್ತವರಲ್ಲಿ ಹೆಚ್ಚಿನವರು ಮಕ್ಕಳೇ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರ ಬರೆದ. ಅವರಲ್ಲೊಬ್ಬಳು ಮುಮ್ಮಡಿ ಕೃಷ್ಣರಾಜ ಒಡೆಯರ ಚಿಕ್ಕ ರಾಣಿ; ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. 1818ರಲ್ಲಿ ಅರಿಕುಠಾರಕ್ಕೆ ತಂದೆಯ ನೆನಪಿಗಾಗಿ ಚಾಮರಾಜನಗರ ಎಂದು ಹೆಸರಿಟ್ಟವರು ಇದೇ ಮುಮ್ಮಡಿಯವರು. ಸಿಡುಬನ್ನು ‘ಅಮ್ಮ’ ಎಂದು ಕರೆಯುತ್ತಿದ್ದ ನಮ್ಮ ಜನ ಲಸಿಕೆ ಹಾಕಿಸುವುದಕ್ಕೆ ‘ದೇವಿ ಹಾಕಿಸುವುದು’ ಎಂದರು. ಭಯ ಭಕ್ತಿಗಳ ಜೊತೆಗೇ ವೈದ್ಯವೂ ಮನೆಯೊಳಕ್ಕೆ ಬಂತು.

ಹಾಗಾದರೆ ಈ ಗಡಿಯಲ್ಲಿ ಕಾಗದ ಕೇಳಿದವರೇ ಇಲ್ಲವೇ? ಕೇಳಿದರು, ಅದೂ ರೋಗದ ಕಾರಣಕ್ಕೆ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದು, ಅಲ್ಲಿಂದ ಮೈಸೂರಿಗೂ ಹರಡಿತು. ಆ ಕಾಲದಲ್ಲಿ ಮದರಾಸು ಪ್ರಾಂತ್ಯ ಸೋಂಕಿನ ಊರುಗಳಿಂದ ಬಂದವರಿಗೆ ‘ಪ್ಲೇಗು ಪಾಸ್‌ಪೋರ್ಟು’ ಕೊಡುತ್ತಿತ್ತು. ಅದನ್ನು ಹಿಡಿದು ಕೆಲವು ದಿನ ಅಧಿಕಾರಿಗಳ ಮುಂದೆ ತಪಾಸಣೆಗೆ ಹಾಜರಾಗಬೇಕಿತ್ತು. ದೇಶದ ಪಾಸ್‌ಪೋರ್ಟ್ ಕಾಯಿದೆ ಬಂದದ್ದು 1920ರಲ್ಲಿ. ಅದಕ್ಕೂ ಎರಡು ದಶಕ ಮೊದಲೇ ನಮ್ಮ ಕಡೆಯ ಪ್ರಯಾಣಿಕರಿಗೆ ಪಾಸ್‌ಪೋರ್ಟ್ ಎಂಬ ಮಾತು ಮುಟ್ಟಿತ್ತು. ಆ ಚೀಟಿಗೆ ಬೇಕಾಗಿದ್ದದ್ದು ನಿಮ್ಮ ದೇಶವಲ್ಲ, ನಿಮ್ಮ ಮೈಯ ಸ್ಥಿತಿ.

ಮುಂದೆ ಕಡಲಾಚೆ ಹೋದವರಿಗೂ ಇದೇ ಅನುಭವ. ಬಹುಕಾಲ ವಿದೇಶಕ್ಕೆ ಹೊರಟವರು ಸಿಡುಬಿನ ಲಸಿಕೆಯ ಪತ್ರ ಒಯ್ಯಬೇಕಿತ್ತು. 1980ರಲ್ಲಿ ಸಿಡುಬು ನಿರ್ನಾಮವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ ಮೇಲೆ ಆ ಪತ್ರದ ಕೆಲಸ ಮುಗಿಯಿತು. ಹಳದಿಜ್ವರದ ಪತ್ರ ಮಾತ್ರ ಉಳಿದಿದೆ. ಆಫ್ರಿಕಾ, ದಕ್ಷಿಣ ಅಮೆರಿಕದ ಕೆಲವು ದೇಶಗಳು ಒಂಬತ್ತು ತಿಂಗಳು ದಾಟಿದ ಕೂಸಿಗೂ ಅದನ್ನು ಕೇಳುತ್ತವೆ. ಇನ್ನು ಪಾಸ್‌ಪೋರ್ಟು. ಹಿಂದೆ ಮಗುವಿನ ಹೆಸರನ್ನು ತಾಯಿಯ ಅಥವಾ ತಂದೆಯ ಪಾಸ್‌ಪೋರ್ಟಿನಲ್ಲೇ ಬರೆಯುತ್ತಿದ್ದರು. ಈಗ ಎದೆಹಾಲು ಕುಡಿಯುವ ಕೂಸಿಗೂ ತನ್ನದೇ ಪುಸ್ತಕ ಬೇಕು; ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಎರಡು ವರ್ಷ ತುಂಬದ ಮಗು ವಿಮಾನದಲ್ಲಿ ತಾಯಿಯ ಮಡಿಲಲ್ಲೇ ಕೂರಬಹುದು, ಆದರೆ ಅವಳ ಪಾಸ್‌ಪೋರ್ಟಿನೊಳಗೆ ಕೂರುವಂತಿಲ್ಲ.

ಇದೆಲ್ಲ ಮುಗಿದ ಕಥೆ ಎನ್ನುವಷ್ಟರಲ್ಲಿ ಕೋವಿಡ್ ಬಂತು. 2021ರಲ್ಲಿ ಕೇರಳದಿಂದ ಗುಂಡ್ಲುಪೇಟೆ ಕಡೆಗೆ ಬರುವವರನ್ನು ಮೂಲೆಹೊಳೆಯ ಚೆಕ್‌ಪೋಸ್ಟಿನಲ್ಲಿ ತಡೆದು ಆರ್‌ಟಿಪಿಸಿಆರ್ ವರದಿ ಕೇಳಿದರು. ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ವಿನಾಯಿತಿ. ಪ್ಲೇಗಿನ ಕಾಲದ ಚೀಟಿ ಹೆಸರು ಬದಲಿಸಿಕೊಂಡು ಮರಳಿ ಬಂದಂತಿತ್ತು.

ಆದ್ದರಿಂದ ಅಜ್ಜಿಯ ಪ್ರಶ್ನೆಗೆ ನಗದೆ ಉತ್ತರ ಹೇಳಬೇಕು. ನಮ್ಮ ದೇಶದ ಲಸಿಕೆ ಪಟ್ಟಿಯಂತೆ ದಡಾರದ ಮೊದಲ ಚುಚ್ಚುಮದ್ದು 9 ರಿಂದ 12 ತಿಂಗಳಲ್ಲಿ, ಎರಡನೆಯದು 16 ರಿಂದ 24 ತಿಂಗಳಲ್ಲಿ. ಒಂದೂವರೆ ವರ್ಷದ ಕೂಸಿಗೆ ಎರಡನೆಯದು ಬಾಕಿ ಉಳಿದಿದ್ದರೆ ಟಿಕೆಟ್ ತೆಗೆಸುವ ಮೊದಲು ವೈದ್ಯರನ್ನು ಕಾಣುವುದು ಲೇಸು. ದಡಾರ ಹಡಗು, ವಿಮಾನಗಳಲ್ಲಿ ಜನರೊಡನೆಯೇ ಸಂಚರಿಸುವ ರೋಗ. ಕುದಿಸಿ ಆರಿಸಿದ ನೀರು, ರೂಢಿಯಾದ ರಾಗಿಸರಿಯ ಹಿಟ್ಟು, ಲಸಿಕೆಯ ಕಾರ್ಡು, ಇಷ್ಟು ಕೈಚೀಲದಲ್ಲಿರಲಿ. ಮಾದಪ್ಪನ ಬೆಟ್ಟಕ್ಕೆ ಮೊಮ್ಮಗನನ್ನು ಹೊತ್ತು ನಡೆದ ಅಜ್ಜಿಯರು ಕಟ್ಟಿಕೊಂಡ ಗಂಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಬಜೆಯ ಬಳೆಯ ಜಾಗಕ್ಕೆ ಲಸಿಕೆಯ ಕಾರ್ಡು ಬಂದಿದೆ, ಅಷ್ಟೆ. ಅಜ್ಜಿಗೆ ಬೇಕಿದ್ದರೆ ಬಳೆಯನ್ನೂ ಹಾಕಲಿ.