ಹದಿನೈದು ಅಡಿಗೆ ಎಂಟು

ರೀಲ್ ಕಾಲದ ಮದುವೆ ಫೋಟೊಗ್ರಾಫರಿಗೆ ಒಂದು ಲೆಕ್ಕ ಬಾಯಿಪಾಠವಾಗಿರಲೇಬೇಕಿತ್ತು. ಫ್ಲ್ಯಾಶಿನ ಶಕ್ತಿಯನ್ನು ಹೇಳುವ ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಅಪರ್ಚರ್. ನಾನು ಅದನ್ನು ಕಲಿತದ್ದು ವಿವಿಟಾರ್ 283 ಎಂಬ ಫ್ಲ್ಯಾಶಿನಲ್ಲಿ. ಐಎಸ್‌ಒ 100ರ ಫಿಲ್ಮಿಗೆ ಅದರ ಗೈಡ್ ನಂಬರ್ ಅಡಿ ಲೆಕ್ಕದಲ್ಲಿ 120. ಗಂಡು ಹೆಣ್ಣು 15 ಅಡಿ ದೂರದಲ್ಲಿ ನಿಂತಿದ್ದರೆ ಎಫ್ 8, 30 ಅಡಿಯಾದರೆ ಎಫ್ 4. ದೂರ ಇಮ್ಮಡಿಯಾದರೆ ಮೇಲೆ ಬೀಳುವ ಬೆಳಕು ಕಾಲುಭಾಗಕ್ಕಿಳಿಯುತ್ತದೆ. ಲೆಕ್ಕದ ಬುಡ ಇದೇ.

ಅದಕ್ಕೂ ಹಿಂದಿನವರ ಕಷ್ಟ ಬೇರೆ. 1887ರಲ್ಲಿ ಜರ್ಮನಿಯ ಮೀಟೆ ಮತ್ತು ಗೇಡಿಕೆ ರೂಪಿಸಿದ ಫ್ಲ್ಯಾಶ್ ಪೌಡರಿನಲ್ಲಿದ್ದದ್ದು ಮೆಗ್ನೀಸಿಯಮ್. ಪ್ರತಿ ಚಿತ್ರಕ್ಕೂ ಬೆಂಕಿ, ಹೊಗೆ, ಕೈ ಸುಡುವ ಭಯ. 1920ರ ದಶಕದ ಕೊನೆಗೆ ಗಾಜಿನ ಬಲ್ಬ್ ಬಂದು ಹೊಗೆ ತಪ್ಪಿತು, ಆದರೆ ಒಂದು ಬಲ್ಬಿಗೆ ಒಂದೇ ಚಿತ್ರ. ಒಂದೇ ಕೊಳವೆಯನ್ನು ಮತ್ತೆ ಮತ್ತೆ ಮಿಂಚಿಸುವ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಬೆಳೆಸಿದವರಲ್ಲಿ ಮುಖ್ಯರು ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್.

1970ರ ದಶಕದ 283ಕ್ಕೆ ಮುಂಭಾಗದಲ್ಲಿ ಒಂದು ಸೆನ್ಸರ್ ಇತ್ತು. ತಿರುಗಿ ಬಂದ ಬೆಳಕು ಸಾಕೆನಿಸಿದ ಕೂಡಲೇ ಥೈರಿಸ್ಟರ್ ಮಿಂಚನ್ನು ತಡೆದು, ಮಿಕ್ಕ ಚಾರ್ಜನ್ನು ಮುಂದಿನ ಚಿತ್ರಕ್ಕೆ ಉಳಿಸುತ್ತಿತ್ತು. ಸೆಲ್ಲುಗಳ ಖರ್ಚು ಇಳಿಯಿತು. ಆದರೆ ಬಿಳಿ ಪಂಚೆ, ಜರಿಸೀರೆಗಳ ಗುಂಪು ಎದುರಿಗಿದ್ದರೆ ಸೆನ್ಸರ್ ಬೇಗನೆ ತೃಪ್ತಿಪಟ್ಟು ಮುಖಗಳು ಕಪ್ಪಾಗುತ್ತಿದ್ದವು. ಆಗ ನಾವು ಆಟೊ ಬಿಟ್ಟು ಮ್ಯಾನುಯಲ್‌ಗೆ ಮರಳಿ ಅಡಿ ಎಣಿಸುತ್ತಿದ್ದೆವು.

ಅಳೆಯುವ ಕೆಲಸವನ್ನು ಕ್ಯಾಮೆರಾದ ಒಳಕ್ಕೆ ಒಯ್ದದ್ದು 1975ರ ಒಲಿಂಪಸ್ ಓಎಂ-2: ಫಿಲ್ಮಿನ ಮೇಲೆ ಬಿದ್ದು ಪ್ರತಿಫಲಿಸಿದ ಬೆಳಕನ್ನೇ ಅದು ನೋಡುತ್ತಿತ್ತು. ಹೀಗೆ ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆಯುವುದೇ ಟಿಟಿಎಲ್. ಡಿಜಿಟಲ್ ಸೆನ್ಸರು ಫಿಲ್ಮಿನಂತೆ ಪ್ರತಿಫಲಿಸದ ಕಾರಣ ಆ ದಾರಿ ಮುಂದುವರಿಯಲಿಲ್ಲ. ಕ್ಯಾನನ್ 1995ರಲ್ಲಿ ತಂದ ಇ-ಟಿಟಿಎಲ್‌ನ ಕ್ರಮವೇ ಉಳಿಯಿತು: ಮೊದಲು ಒಂದು ಸಣ್ಣ ಮಿಂಚು, ಅದರ ಅಳತೆ, ಆಮೇಲೆ ನಿಜವಾದ ಮಿಂಚು. ಇಂದಿನ ಫ್ಲ್ಯಾಶುಗಳಲ್ಲಿ ಲಿಥಿಯಂ ಬ್ಯಾಟರಿಯಿದೆ, ರೇಡಿಯೊ ಇದೆ. ನಮ್ಮ ಪೆಂಟ್ಯಾಕ್ಸ್ ಕೆ1000ದಲ್ಲಿ ಸೆಕೆಂಡಿನ 60ನೇ ಒಂದು ಭಾಗಕ್ಕಿಂತ ವೇಗದ ಶಟರಿಗೆ ಫ್ಲ್ಯಾಶ್ ಹೊಂದುತ್ತಿರಲಿಲ್ಲ. ಈಗ ಹೈ-ಸ್ಪೀಡ್ ಸಿಂಕ್‌ನಿಂದ ನಡುಮಧ್ಯಾಹ್ನದ ಬಿಸಿಲಲ್ಲೂ ಅಪರ್ಚರ್ ತೆರೆದಿಟ್ಟು ಹಿನ್ನೆಲೆ ಮಸುಕು ಮಾಡಬಹುದು. ಇದು ದೊಡ್ಡ ಲಾಭ, ನಾನೂ ದಿನಾ ಬಳಸುತ್ತೇನೆ.

ಹಾಗೆಂದು 283ನ್ನು ಗುಜರಿಗೆ ಹಾಕಬೇಡಿ. ಜಪಾನಿನಲ್ಲಿ ತಯಾರಾದ ಹಳೆಯವುಗಳ ಟ್ರಿಗರ್ ವೋಲ್ಟೇಜ್ 200 ದಾಟುವುದುಂಟು. ಅವನ್ನು ಡಿಜಿಟಲ್ ಕ್ಯಾಮೆರಾದ ತಲೆಯ ಮೇಲೆ ಕೂರಿಸಬಾರದು. ಅಷ್ಟು ವೋಲ್ಟೇಜ್ ತಾಳುವ ಟ್ರಿಗರ್ ಹಾಕಿ ಪಕ್ಕದ ಸ್ಟ್ಯಾಂಡಿನಲ್ಲಿಟ್ಟರೆ ಬೆಳಕು ಇವತ್ತಿಗೂ ಅಷ್ಟೇ ಚೊಕ್ಕ.

ಕೆಲಸ ಕಲಿಯಲು ಬರುವ ಹುಡುಗರ ಕೈಗೆ ನಾನು ಮೊದಲು ಕೊಡುವುದು ಅದನ್ನೇ. ಟಿಟಿಎಲ್ ಬೆಳಕನ್ನು ಅಳೆಯುತ್ತದೆ. ಆದರೆ ಜರಿಯಂಚಿಗಿಂತ ತಾಯಿಯ ಮುಖ ಮುಖ್ಯ ಎಂದು ತೀರ್ಮಾನಿಸಬೇಕಾದವನು ಫೋಟೊಗ್ರಾಫರ್. 15 ಅಡಿಗೆ ಎಫ್ 8 ಎಂದು ಕಲಿತವನಿಗೆ ಯಂತ್ರ ತಪ್ಪಿದಾಗ ಎಷ್ಟು ತಪ್ಪಿತೆಂದು ತಿಳಿಯುತ್ತದೆ, ತಿದ್ದುತ್ತಾನೆ.