ಹಾಪ್‌ಲ್ಯಾಂಡಿನ ಕಹಿ

ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ ಪುಣೆಯಲ್ಲಿ ನಾವು ನಾಲ್ವರು ಕನ್ನಡಿಗರು ಒಂದು ಮೇಜಿನ ಸುತ್ತ ಕುಳಿತಿದ್ದೆವು. ಎದುರಿಗೆ ನಾಲ್ಕು ಗಾಜಿನ ಲೋಟಗಳಲ್ಲಿ ಅಂಬರ್ ಏಲ್ ಎಂಬ ಬಿಯರ್, ಪಕ್ಕದಲ್ಲಿ ನಾಲ್ಕು ಹಾಳೆಗಳು. ನಮ್ಮಲ್ಲೊಬ್ಬರು ಬಿಯರ್ ಪರೀಕ್ಷಕರಾಗಲು ಅಭ್ಯಾಸ ಮಾಡುತ್ತಿರುವವರು. ಅವರ ಒತ್ತಾಯಕ್ಕೆ ಉಳಿದವರು ಮಣಿದಿದ್ದೆವು. ಹಾಳೆಯಲ್ಲಿ ಪರಿಮಳಕ್ಕೆ 12 ಅಂಕ, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಕುವ ಗುಣಕ್ಕೆ 5, ಸಮಗ್ರ ಅಭಿಪ್ರಾಯಕ್ಕೆ 10, ಹೀಗೆ ಒಟ್ಟು 50. 1985ರಲ್ಲಿ ಅಮೆರಿಕದಲ್ಲಿ ಆರಂಭವಾದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಮ್ ಎಂಬ ಸಂಸ್ಥೆ ರೂಪಿಸಿದ ಪದ್ಧತಿಯಿದು. ವರ್ಷಕ್ಕೊಮ್ಮೆ ಕೈಕೆಳಗಿನವರ ಕಾರ್ಯಮೌಲ್ಯಮಾಪನ ವರದಿ ಬರೆದು ಅಂಕ ಕೊಡುವ ಕೇಂದ್ರ ಸರ್ಕಾರಿ ನೌಕರರಾದ ನಮಗೆ ಆ ಹಾಳೆಯ ಗುರುತು ಕೂಡಲೇ ಹತ್ತಿತು. ಅಂಕ ಕೊಡುವುದು ಸುಲಭ, ಕಾರಣ ಬರೆಯುವುದು ಕಷ್ಟ ಎಂಬುದು ಎರಡಕ್ಕೂ ಸಲ್ಲುವ ಮಾತು.

ಕಾರಣವನ್ನು ಕನ್ನಡದಲ್ಲಿಯೇ ಬರೆಯಬೇಕೆಂದು ಕರಾರಾಯಿತು. ಬಣ್ಣದ ಬಗ್ಗೆ ತಕರಾರು ಬರಲಿಲ್ಲ: ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಚೊಂಬಿನ ಬಣ್ಣ, ಮೇಲೆ ಕೆನೆಬಣ್ಣದ ನೊರೆ. ಪರಿಮಳದಲ್ಲಿ ಮೊದಲು ಹಣ್ಣಿನ ಸಿಪ್ಪೆಯ ಘಾಟು. ಅಮೆರಿಕದವರು ಇದನ್ನು ಗ್ರೇಪ್‌ಫ್ರೂಟ್ ಎನ್ನುತ್ತಾರೆ. ಆ ಹಣ್ಣಿನ ಹೆತ್ತವರಲ್ಲೊಂದು ನಮ್ಮ ಚಕ್ಕೋತ. ದೇವನಹಳ್ಳಿಯ ಕಡೆಯಿಂದ ಬಂದ ಗೆಳೆಯರು ಅನುಮಾನವಿಲ್ಲದೆ ‘ಚಕ್ಕೋತದ ಸಿಪ್ಪೆ’ ಎಂದು ಬರೆದರು. ಅದರ ಹಿಂದೆ ಪಾಕಕ್ಕೆ ಇಟ್ಟ ಬೆಲ್ಲದ ವಾಸನೆ.

ತೊಡಕು ಬಂದದ್ದು ರುಚಿಯಲ್ಲಿ. ಮೊದಲು ಸಿಹಿ, ಬಳಿಕ ನಾಲಗೆಯ ಹಿಂಬದಿಯಿಂದ ನಿಧಾನವಾಗಿ ಏರುವ ಕಹಿ. ನುಂಗಿದ ಮೇಲೆ ನಾಲಗೆ ಹಿಡಿದುಕೊಂಡಂತೆ, ಎಳೆಯ ಬಾಳೆಕಾಯಿ ಕಚ್ಚಿದಂತೆ. ಮೂವರು ಎಲ್ಲವನ್ನೂ ‘ಕಹಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೆವು. ನಾಲ್ಕನೆಯವರು ಮಾತ್ರ ‘ಕಹಿ, ಕೊನೆಗೆ ಒಗರು’ ಎಂದು ಬರೆದಿದ್ದರು. ಪರೀಕ್ಷಕ ಗೆಳೆಯರ ಮುಖ ಅರಳಿತು. ಹಾಳೆಯ ಪ್ರಕಾರ ಕಹಿ ಈ ಬಿಯರಿನ ಗುಣ, ಒಗರು ದೋಷ. ಕಹಿ ಬರುವುದು ಹಾಪ್ ಹೂವಿನಿಂದ. ಒಗರು ಬರುವುದು, ಕಾಳನ್ನು ಅತಿಯಾದ ಬಿಸಿನೀರಿನಲ್ಲಿ ತೊಳೆದಾಗ ಹೊಟ್ಟಿನಿಂದ ಇಳಿಯುವ ಟ್ಯಾನಿನ್‌ನಿಂದ. ಇಂಗ್ಲಿಷಿನಲ್ಲಿ ಕಲಿಯುವವರು ಈ ಎರಡನ್ನು ಬೇರ್ಪಡಿಸಲು ವಿಶೇಷವಾಗಿ ಅಭ್ಯಾಸ ಮಾಡಬೇಕಾಗುತ್ತದೆಯಂತೆ. ಷಡ್ರಸಗಳಲ್ಲಿ ಕಹಿಗೂ ಒಗರಿಗೂ ಬೇರೆ ಬೇರೆ ಮಣೆ ಹಾಕಿದ ಪರಂಪರೆಯವರಾದ ನಾವು ಅದನ್ನು ಮರೆತಿದ್ದೆವು, ಅಷ್ಟೆ. ಇಂಗ್ಲಿಷ್ ಎಂ.ಎ. ಮಾಡಿದ ನಮಗೆ ಆ ಮರೆವು ಸ್ವಲ್ಪ ಚುಚ್ಚಿತು.

ಹಾಗಾದರೆ ಈ ಗುಣವೆನಿಸಿದ ಕಹಿ ಎಲ್ಲಿಯದು? ಕಹಿ ಬಿಯರ್ ಎಂದೊಡನೆ ಇಂಡಿಯಾ ಪೇಲ್ ಏಲ್ ನೆನಪಾಗುತ್ತದೆ. ಹಡಗೇರಿ ಕಲ್ಕತ್ತೆಗೆ ಬಂದ ಆ ಪಾನೀಯದ ಕಥೆ ಬೇಕಾದಷ್ಟು ಸಲ ಹೇಳಿದ್ದಾಗಿದೆ. ನಮ್ಮ ಲೋಟದಲ್ಲಿದ್ದುದು ಬೇರೆ ದಾರಿಯಲ್ಲಿ ಬಂದದ್ದು. ಆ ದಾರಿ ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಿನಿಂದ ಹೊರಟು, ನಡುವೆ ಬೆಂಗಳೂರನ್ನೂ ಹಾಯ್ದಿದೆ.

ಮೊದಲು ಎರಡು ಮೂಲದ್ರವ್ಯಗಳ ಮಾತು. ಬಣ್ಣ ಮತ್ತು ಬೆಲ್ಲದ ವಾಸನೆ ಮಾಲ್ಟ್‌ನ ಕೊಡುಗೆ, ಎಂದರೆ ಮೊಳಕೆ ಬರಿಸಿದ ಜವೆಗೋಧಿಯದು. ಮೊಳೆತ ಕಾಳನ್ನು ಒಣಗಿಸುವ ಮೊದಲು ತೇವದಲ್ಲಿಯೇ ಬಿಸಿಮಾಡಿದರೆ ಒಳಗಿನ ಪಿಷ್ಟ ಸಿಪ್ಪೆಯೊಳಗೇ ಸಕ್ಕರೆಯಾಗುತ್ತದೆ; ಅನಂತರ ಹುರಿದಾಗ ಆ ಸಕ್ಕರೆ ಕಂದಿ ಗಾಜಿನಂತೆ ಗಟ್ಟಿಯಾಗುತ್ತದೆ. ಇದಕ್ಕೆ ಕ್ರಿಸ್ಟಲ್ ಮಾಲ್ಟ್ ಎಂದು ಹೆಸರು. ಅಂಬರ್ ಏಲ್‌ನ ತಾಮ್ರವರ್ಣ ಬಹುಮಟ್ಟಿಗೆ ಇದರದೇ. ಬಣ್ಣವನ್ನು ಅಳೆಯುವ ಕ್ರಮ ಇಂಗ್ಲೆಂಡಿನ ಜೋಸೆಫ್ ಲವಿಬಾಂಡ್ ಎಂಬ ಬಿಯರ್ ತಯಾರಕರದು. 1880ರ ದಶಕದಲ್ಲಿ ಅವರು ಬಣ್ಣದ ಗಾಜಿನ ತುಂಡುಗಳನ್ನು ಜೋಡಿಸಿ, ಅವುಗಳಿಗೆ ದ್ರವದ ಬಣ್ಣವನ್ನು ಹೋಲಿಸಿ ನೋಡುವ ಉಪಕರಣವನ್ನು ರೂಪಿಸಿದರು. ಇಂದಿಗೂ ಮಾಲ್ಟ್‌ನ ಬಣ್ಣವನ್ನು ಅವರ ಹೆಸರಿನ ಡಿಗ್ರಿಗಳಲ್ಲಿಯೇ ಹೇಳುತ್ತಾರೆ.

ಕಹಿ ಮತ್ತು ಸಿಪ್ಪೆಯ ಘಾಟು ಹಾಪ್‌ನವು. ವೀಳ್ಯದೆಲೆ, ಮೆಣಸಿನ ಬಳ್ಳಿಗಳಂತೆ ಆಸರೆ ಹಿಡಿದು ಏರುವ ಈ ಬಳ್ಳಿ ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದು. ಬೇಸಿಗೆಯಲ್ಲಿ ದೀರ್ಘ ಹಗಲು ಬೇಡುವ ಬೆಳೆಯಾದ್ದರಿಂದ ನಮ್ಮ ದಕ್ಷಿಣಕ್ಕೆ ಒಗ್ಗದು. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದಿದ್ದಾರೆ. ಹೆಣ್ಣು ಬಳ್ಳಿಯ ಹೂಗೊಂಚಲಿನ ಎಸಳುಗಳ ಬುಡದಲ್ಲಿ ಹಳದಿ ಹುಡಿಯಂಥ ಅಂಟು ಇರುತ್ತದೆ. ಮಾಲ್ಟ್ ನೀರಿನೊಂದಿಗೆ ಅದನ್ನು ಸುಮಾರು ಒಂದು ಗಂಟೆ ಕುದಿಸಿದರೆ ಅದರಲ್ಲಿಯ ಆಲ್ಫಾ ಆಮ್ಲಗಳು ರೂಪ ಬದಲಿಸಿ ಕಹಿಯಾಗುತ್ತವೆ. ಆದರೆ ಪರಿಮಳದ ಎಣ್ಣೆಗಳು ಅಷ್ಟರಲ್ಲಿ ಆವಿಯೊಡನೆ ಹಾರಿಹೋಗಿರುತ್ತವೆ. ಆದ್ದರಿಂದ ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಹಾಕುವಂತೆ, ಕೊನೆಯಲ್ಲಿ ಇನ್ನೊಂದು ಪಾಲು ಹೂ ಹಾಕುತ್ತಾರೆ. ಒಂದು ಲೀಟರಿನಲ್ಲಿ ಹೀಗೆ ಬದಲಾದ ಆಮ್ಲ ಒಂದು ಮಿಲಿಗ್ರಾಂ ಇದ್ದರೆ ಸುಮಾರಾಗಿ ಕಹಿಯ ಒಂದು ಅಂತರರಾಷ್ಟ್ರೀಯ ಮಾನ. ಅಮೆರಿಕದ ಅಂಬರ್ ಏಲ್‌ಗೆ ಪರೀಕ್ಷಕರ ಕೈಪಿಡಿ 25ರಿಂದ 40 ಮಾನಗಳನ್ನೂ, ಶೇ. 4.5ರಿಂದ 6.2ರಷ್ಟು ಮದ್ಯಸಾರವನ್ನೂ ಗೊತ್ತುಮಾಡಿದೆ.

ಇನ್ನು ಚರಿತ್ರೆ. 1873ರಲ್ಲಿ ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬಿಯರ್ ಕಾರ್ಖಾನೆಗಳಿದ್ದವು. 1920ರಿಂದ 1933ರವರೆಗಿನ ಪಾನನಿಷೇಧ, ಆಮೇಲೆ ದೊಡ್ಡವು ಚಿಕ್ಕವನ್ನು ನುಂಗಿದ ಪೈಪೋಟಿ, ಇವೆಲ್ಲ ಸೇರಿ 1970ರ ದಶಕದ ಕೊನೆಗೆ ಉಳಿದ ಕಂಪನಿಗಳು ನೂರಕ್ಕೂ ಕಡಿಮೆ. ರುಚಿಯೂ ಸವೆದು ತೆಳ್ಳಗಾಗಿ, ದೇಶದ ಈ ತುದಿಯಿಂದ ಆ ತುದಿಯವರೆಗೆ ಒಂದೇ ಆಗಿತ್ತು. ಆ ಹೊತ್ತಿಗೆ ಎರಡು ಕೆಲಸಗಳು ಒಂದಕ್ಕೊಂದು ತಿಳಿಯದಂತೆ ನಡೆದವು. ಆರಿಗನ್ ರಾಜ್ಯದ ಕಾರ್ವಾಲಿಸ್‌ನಲ್ಲಿ ಸರ್ಕಾರಿ ಕೃಷಿ ವಿಜ್ಞಾನಿಗಳು ಇಂಗ್ಲೆಂಡಿನ ಫಗಲ್ ತಳಿಯ ವಂಶದಿಂದ ಒಂದು ಹೊಸ ಹಾಪ್ ಬೆಳೆಸಿ, 1972ರಲ್ಲಿ ಕ್ಯಾಸ್ಕೇಡ್ ಎಂಬ ಹೆಸರಿನಿಂದ ಬಿಡುಗಡೆ ಮಾಡಿದರು. ನಮ್ಮ ಲೋಟದ ಚಕ್ಕೋತದ ವಾಸನೆಯ ಮೂಲ ಅದು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ, ಮುಚ್ಚುವುದರಲ್ಲಿದ್ದ ಆ್ಯಂಕರ್ ಕಾರ್ಖಾನೆಯನ್ನು 1965ರಲ್ಲಿ ಕೊಂಡಿದ್ದ ಫ್ರಿಟ್ಜ್ ಮೇಟ್ಯಾಗ್ 1975ರ ತಮ್ಮ ಲಿಬರ್ಟಿ ಏಲ್‌ಗೆ ಅದನ್ನು ಬಳಸಿದರು.

ಎರಡನೆಯ ಕೆಲಸ ಒಬ್ಬ ಹಠವಾದಿಯದು. ಅಮೆರಿಕದ ನೌಕಾಪಡೆಯಲ್ಲಿದ್ದಾಗ ಸ್ಕಾಟ್ಲೆಂಡಿನ ಜಲಾಂತರ್ಗಾಮಿ ನೆಲೆಯಲ್ಲಿ ಕೆಲಸ ಮಾಡಿದ ಜ್ಯಾಕ್ ಮೆಕಾಲಿಫ್‌ಗೆ ಅಲ್ಲಿಯ ಏಲ್‌ಗಳ ರುಚಿ ಹತ್ತಿತು. ಊರಿಗೆ ಮರಳಿದರೆ ಅಂಥದು ಸಿಗದು. 1976ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಹೈನುಗಾರಿಕೆಯ ಹಳೆಯ ಸಾಮಾನು, ತಂಪುಪಾನೀಯದ ಸಕ್ಕರೆಪಾಕ ತುಂಬುತ್ತಿದ್ದ ಪೀಪಾಯಿ ಎಲ್ಲವನ್ನೂ ತಾನೇ ಬೆಸೆದು ನ್ಯೂ ಆಲ್ಬಿಯನ್ ಎಂಬ ಕಾರ್ಖಾನೆ ಕಟ್ಟಿದ. 1579ರಲ್ಲಿ ಫ್ರಾನ್ಸಿಸ್ ಡ್ರೇಕ್ ಆ ಕರಾವಳಿಗೆ ಕೊಟ್ಟ ಹೆಸರಿನ ನೆನಪು ಅದು. ಉತ್ಪಾದನೆ ತೀರ ಚಿಕ್ಕದು, ಬೆಳೆಸಲು ಸಾಲ ಹುಟ್ಟಲಿಲ್ಲ. 1982ರಲ್ಲಿ ಬಾಗಿಲು ಹಾಕಿತು.

ಆದರೆ ಒಲೆ ಆರಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಸುಮಾರು ನೂರು ಮೈಲಿ ದೂರದಲ್ಲಿ, ರಷ್ಯನ್ ನದಿಯ ದಂಡೆಯ ಮೇಲೆ ಹಾಪ್‌ಲ್ಯಾಂಡ್ ಎಂಬ ಊರಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಅಲ್ಲಿ ಹಾಪ್ ತೋಟಗಳಿದ್ದವು. ಊರಿಗೆ ಹೆಸರು ಬಂದದ್ದೂ ಅದರಿಂದಲೇ. 1950ರ ದಶಕದ ಹೊತ್ತಿಗೆ ಬೆಳೆ ಅಳಿದು ಹೆಸರಷ್ಟೇ ಉಳಿಯಿತು. ಹೊಲಗಳಿಗೆ ದ್ರಾಕ್ಷಿ, ಪೇರು ಬಂದವು. 1983ರ ಆಗಸ್ಟಿನಲ್ಲಿ ಮೈಕೆಲ್ ಲೇಬರ್ನ್, ನಾರ್ಮನ್ ಫ್ರ್ಯಾಂಕ್ಸ್, ಜಾನ್ ಸ್ಕಾಹಿಲ್ ಎಂಬವರು ಆ ಊರಿನ ಹಳೆಯ ಇಟ್ಟಿಗೆ ಕಟ್ಟಡವೊಂದರಲ್ಲಿ ಮೆಂಡೊಸಿನೊ ಬ್ರೂವಿಂಗ್ ಕಂಪನಿಯ ಪಾನಗೃಹ ತೆರೆದರು. ತಾನೇ ತಯಾರಿಸಿ ಅಲ್ಲಿಯೇ ಮಾರುವ ಇಂಥ ಮನೆ ಪಾನನಿಷೇಧದ ಬಳಿಕ ಕ್ಯಾಲಿಫೋರ್ನಿಯಾದಲ್ಲಿ ಇದೇ ಮೊದಲು. ಸೊನೋಮಾದ ಪಾತ್ರೆಪರಡಿಯೂ, ಅಲ್ಲಿ ದುಡಿಯುತ್ತಿದ್ದ ಡಾನ್ ಬಾರ್ಕ್‌ಲೀಯೂ, ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿಯ ಯೀಸ್ಟ್ ಕೂಡ ಇಲ್ಲಿಗೆ ಬಂದವು. ನಮ್ಮ ಮನೆಯಲ್ಲಿ ಮೊಸರು ಮುಗಿದರೆ ನೆರೆಮನೆಯಿಂದ ಹೆಪ್ಪು ತರುವಂತೆ. ಮನೆ ಬೇರೆಯಾದರೂ ಹೆಪ್ಪಿನ ಗುಣ ಹಾಲಿನಲ್ಲಿ ಮುಂದುವರಿಯುತ್ತದೆ.

ಅವರ ಮುಖ್ಯ ಬಿಯರ್ ರೆಡ್ ಟೇಲ್ ಏಲ್. ಹೆಸರು ಕೆಂಪುಬಾಲದ ಗಿಡುಗನದು, ಬಣ್ಣ ತಾಮ್ರದ್ದು. ಕ್ರಿಸ್ಟಲ್ ಮಾಲ್ಟ್‌ನ ಸಿಹಿ, ಕ್ಯಾಸ್ಕೇಡ್ ಜಾತಿಯ ಹೂವಿನ ಕಹಿ. ಹಾಪ್‌ಲ್ಯಾಂಡಿನಲ್ಲಿ ಹಾಪ್ ಇಲ್ಲವಾದ್ದರಿಂದ ಹೂವು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಿಂದ ಬರುತ್ತಿತ್ತು. ಊರಿನ ಹೆಸರು ಮತ್ತೆ ನಿಜವಾಗಲಿಲ್ಲ, ಆದರೆ ಅದಕ್ಕೊಂದು ಅರ್ಥ ಮರಳಿತು. 1990ರ ದಶಕದ ನಡುವೆ ಕಂಪನಿ ಬೆಳೆಯಲು ಹೊರಟಾಗ ದಲ್ಲಾಳಿಗಳ ಹಂಗಿಲ್ಲದೆ ಕುಡಿಯುವವರಿಗೇ ನೇರವಾಗಿ ಷೇರು ಮಾರಿತು. ಸಮೀಪದ ಯೂಕಾಯಾದಲ್ಲಿ ಹೊಸ ಕಾರ್ಖಾನೆ ಎದ್ದಿತು. ಹಣ ಸಾಲಲಿಲ್ಲ.

ಇಲ್ಲಿ ಕಥೆ ನಮ್ಮ ಕಡೆಗೆ ತಿರುಗುತ್ತದೆ. 1997ರಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಮೂಹ ಮೆಂಡೊಸಿನೊ ಕಂಪನಿಯ ಮೇಲೆ ಒಡೆತನ ಪಡೆಯಿತು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಕಾರ್ಖಾನೆಗಳನ್ನು ಕೂಡಿಸಿ ಕಟ್ಟಿದ, ಸ್ವಾತಂತ್ರ್ಯದ ಹೊತ್ತಿಗೆ ವಿಠ್ಠಲ ಮಲ್ಯರ ಕೈಗೆ ಬಂದ ಸಂಸ್ಥೆಯಿದು. ಅಮೆರಿಕದಲ್ಲಿ ಹೊಸ ಬಿಯರ್ ಸಂಸ್ಕೃತಿಯ ಮೊದಲ ಮನೆಗಳಲ್ಲೊಂದರ ಕೀಲಿಕೈ ಹೀಗೆ ಕರ್ನಾಟಕದ ರಾಜಧಾನಿಗೆ ಬಂತು. ಗಿಡುಗದ ಚಿತ್ರದ ಬಾಟಲಿ ತುಂಬುತ್ತಿದ್ದ ಕಂಪನಿಯೇ ಅಮೆರಿಕದ ಗಿರಾಕಿಗಳಿಗಾಗಿ ಮಿಂಚುಳ್ಳಿಯ ಚಿತ್ರದ ಕಿಂಗ್‌ಫಿಷರ್ ಕೂಡ ತಯಾರಿಸಿತು. ಇಪ್ಪತ್ತು ವರ್ಷ ಈ ನಂಟು ನಡೆಯಿತು. 2017ರ ಫೆಬ್ರವರಿಯಲ್ಲಿ ಸಮೂಹದ ಹಿಡುವಳಿ ಕಂಪನಿಯನ್ನು ಸಮಾಪನಗೊಳಿಸಲು ಕರ್ನಾಟಕ ಹೈಕೋರ್ಟ್ ಆದೇಶಿಸಿತು. 2018ರ ಜನವರಿಯಲ್ಲಿ ಯೂಕಾಯಾದ ಕಾರ್ಖಾನೆ ನಿಂತಿತು.

ಎರಡು ಘಟನೆಗಳನ್ನು ಕಾರಣ ಮತ್ತು ಕಾರ್ಯ ಎಂದು ಜೋಡಿಸಿ ತೀರ್ಪು ಕೊಡಲು ನಾವು ಹೊರಟಿಲ್ಲ. ನಮ್ಮನ್ನು ತಡೆದು ನಿಲ್ಲಿಸಿದ್ದು ಅದಕ್ಕಿಂತ ಸಣ್ಣ ಸಂಗತಿ. ಪರೀಕ್ಷಕರ ಕೈಪಿಡಿ ಪ್ರತಿ ವರ್ಗಕ್ಕೂ ಮಾದರಿಯಾಗಿ ಕೆಲವು ಬಿಯರ್‌ಗಳ ಹೆಸರು ಕೊಡುತ್ತದೆ. 2008ರ ಕೈಪಿಡಿಯಲ್ಲಿ ಅಂಬರ್ ಏಲ್‌ನ ಮಾದರಿಗಳ ನಡುವೆ ಮೆಂಡೊಸಿನೊ ರೆಡ್ ಟೇಲ್ ಇದೆ. 2015ರ ಪರಿಷ್ಕರಣೆಯಲ್ಲಿ ಇಲ್ಲ. ಕಾರ್ಖಾನೆ ಇನ್ನೂ ನಡೆಯುತ್ತಿದ್ದಾಗಲೇ, ಕೋರ್ಟಿನ ಆದೇಶಕ್ಕೂ ಎರಡು ವರ್ಷ ಮೊದಲೇ, ಆ ಹೆಸರು ಪಟ್ಟಿಯಿಂದ ಸದ್ದಿಲ್ಲದೆ ಇಳಿದಿತ್ತು. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಇದರ ಅರ್ಥ ಗೊತ್ತು. ವರ್ಗಾವಣೆಯ ಆದೇಶ ಬರುವ ಮೊದಲೇ ಸುತ್ತೋಲೆಗಳಲ್ಲಿ ಹೆಸರು ಬಿಟ್ಟುಹೋಗಲು ಶುರುವಾಗುತ್ತದೆ.

2010ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿಯೇ ತಾವೇ ಬಿಯರ್ ತಯಾರಿಸುವ ಪಾನಗೃಹಗಳು ತೆರೆಯತೊಡಗಿದವು. ಅಲ್ಲಿ ಕಲಿತ ರುಚಿ ಕ್ಯಾಲಿಫೋರ್ನಿಯಾದ್ದೇ. ಆದರೆ ಅದು ಒಡೆತನದ ದಾರಿಯಿಂದ ಬರಲಿಲ್ಲ. ಹೊರಗೆ ತಿರುಗಿ ಬಂದ ಹುಡುಗ ಹುಡುಗಿಯರ ನಾಲಗೆಯ ನೆನಪಿನಿಂದ ಬಂತು, ಮೆಕಾಲಿಫ್‌ಗೆ ಸ್ಕಾಟ್ಲೆಂಡಿನಿಂದ ಬಂದಂತೆ. ಕಂಪನಿಯನ್ನು ಕೊಳ್ಳಬಹುದು, ರುಚಿಯನ್ನು ಯಾರಾದರೂ ಕುಡಿದು, ನೆನಪಿಟ್ಟು, ಇನ್ನೊಬ್ಬರಿಗೆ ಹೇಳಬೇಕು. ರೆಡ್ ಟೇಲ್ ಅನ್ನು ಕುಡಿದ ಒಬ್ಬ ಕನ್ನಡಿಗನೂ ನಮಗೆ ಸಿಕ್ಕಿಲ್ಲ. ನಮ್ಮ ಊರಿನ ಸಂಸ್ಥೆಯೊಂದು ಇಪ್ಪತ್ತು ವರ್ಷ ಸಾಕಿದ ಆ ಬಿಯರ್ ಹೇಗಿತ್ತೆಂದು ನಾವು ಓದಿದ್ದೆಲ್ಲ ಅನ್ಯರು ಇಂಗ್ಲಿಷಿನಲ್ಲಿ ಬರೆದಿಟ್ಟ ಟಿಪ್ಪಣಿಗಳು.

ಆ ಸಂಜೆಯ ಹಾಳೆಗಳಿಗೆ ಮರಳುತ್ತೇವೆ. ನಾಲ್ವರ ಸರಾಸರಿ 50ಕ್ಕೆ 33 ಬಂತು. ಪರಿಮಳಕ್ಕೆ ಧಾರಾಳವಾಗಿ ಕೊಟ್ಟೆವು, ಬಾಯಿಗೆ ತಾಕುವ ಗುಣದಲ್ಲಿ ಕಳೆದೆವು. ಕಾರಣದ ಕಲಮಿನಲ್ಲಿ, ಮೊದಲು ಬರೆದಿದ್ದನ್ನು ಹೊಡೆದುಹಾಕಿ, ಎಲ್ಲರೂ ಒಪ್ಪಿ ಹೀಗೆ ಬರೆದೆವು: ‘ತಾಮ್ರದ ಬಣ್ಣ. ಚಕ್ಕೋತದ ಸಿಪ್ಪೆ, ಪಾಕದ ಬೆಲ್ಲ. ಕಹಿ ಹದವಾಗಿದೆ. ಕೊನೆಗೆ ಬಾಳೆಕಾಯಿಯ ಒಗರು, ಅದು ಬೇಡವಾಗಿತ್ತು.’ ಪರೀಕ್ಷಕ ಗೆಳೆಯರು ಹಾಳೆಗಳನ್ನು ಮಡಚಿ ತಮ್ಮ ಚೀಲದಲ್ಲಿಟ್ಟುಕೊಂಡರು. ಹೊರಗೆ ಮಳೆ ನಿಂತಿತ್ತು. ಆಟೋ ಹಿಡಿದು ಮನೆಗೆ ಬಂದೆವು.